ಜಗಳದ ದಿನದ ಸ್ವದೇಶಿ ಸಾಲದು

2025ನೆಯ ಇಸವಿಯ ಆಗಸ್ಟ್ 27ರಂದು ಅಮೆರಿಕದ ಸರಕಾರವು ಭಾರತದಿಂದ ತನ್ನಲ್ಲಿಗೆ ಬರುವ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಮೊದಲು ಹೇರಿದ್ದ 25ರ ಮೇಲೆ, ನಾವು ರಶಿಯಾದಿಂದ ಕಚ್ಚಾ ತೈಲವನ್ನು ಕೊಳ್ಳುತ್ತಿದ್ದೆವೆಂಬ ಕಾರಣವನ್ನು ಮುಂದೊಡ್ಡಿ, ಮತ್ತೆ 25ನ್ನು ಅದು ಕೂಡಿಸಿತು. ಅದಕ್ಕೆ ಹನ್ನೆರಡು ದಿನ ಮೊದಲು ಸ್ವಾತಂತ್ರ್ಯದಿನದಂದು ದಿಲ್ಲಿಯ ಕೆಂಪು ಕೋಟೆಯ ಮೇಲಿನಿಂದ ದೇಶದ ಪ್ರಧಾನಮಂತ್ರಿಗಳು ಸ್ವದೇಶಿಯ ಕರೆಯನ್ನು ಕೊಟ್ಟಿದ್ದರು. ಅಂಗಡಿಕಾರರು ಸ್ವದೇಶೀ ಮಾಲಿನ ಫಲಕವನ್ನು ತೂಗಹಾಕಬೇಕೆಂದು ಸೂಚಿಸಿದ್ದರು. ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಹಿರಿಯರು ಎತ್ತಿದ ಶಬ್ದವು ಹೀಗೆ ಮತ್ತೊಮ್ಮೆ ಪೇಟೆಯ ಬೀದಿಗೆ ಬಂದಿತು.

ಈ ಶಬ್ದವನ್ನು ಕೇಳಿ ನಮಗೆ ಆನಂದವಾಯಿತೆಂಬುದನ್ನು ಬೇರೆ ಹೇಳತಕ್ಕದ್ದಿಲ್ಲ. ಆದರೆ ಆನಂದದೊಡನೆ ಒಂದು ಅಳುಕೂ ನಮ್ಮನ್ನು ಬಾಧಿಸುತ್ತಿದೆ. 2020ರ ಜೂನ್ ತಿಂಗಳಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ವೀರಮರಣವನ್ನು ಹೊಂದಿದಾಗ ದೇಶದ ಊರೂರುಗಳಲ್ಲಿ ಚೀನದ ಸರಕಿನ ಬಹಿಷ್ಕಾರದ ಘೋಷಣೆಗಳು ಮೊಳಗಿದವು. ಕೆಲವರು ಮನೆಯೊಳಗಿನ ದೂರದರ್ಶನದ ಪೆಟ್ಟಿಗೆಗಳನ್ನು ಬೀದಿಗೆ ಎಸೆದು ಒಡೆದರು. ಮುಂದೇನಾಯಿತು? 2023-24ರ ವರ್ಷದಲ್ಲಿ ಚೀನದಿಂದ ನಾವು ತರಿಸಿಕೊಂಡ ಸರಕಿನ ಬೆಲೆಯು ಹತ್ತು ಸಾವಿರ ಕೋಟಿ ಡಾಲರುಗಳನ್ನು ಮೀರಿತು. ಒಡೆದ ಪೆಟ್ಟಿಗೆಯ ಜಾಗದಲ್ಲಿ ಮತ್ತೊಂದು ಪೆಟ್ಟಿಗೆ ಬಂದು ಕುಳಿತಿತು. ಶಪಥ ಮಾಡಿದವರಾರೂ ಸುಳ್ಳುಗಾರರಲ್ಲ. ಅವರ ದುಃಖವೂ ನಿಜವಾದದ್ದೇ. ಆದರೆ ಸಿಟ್ಟಿನ ಮೇಲೆ ಕಟ್ಟಿದ ವ್ರತವು ಸಿಟ್ಟು ಇಳಿದೊಡನೆ ಇಳಿಯುತ್ತದೆ.

ಆದ್ದರಿಂದ ಅಮೆರಿಕದ ಸುಂಕವು ಏರಲಿ, ಇಳಿಯಲಿ, ಒಪ್ಪಂದವಾಗಲಿ, ಮುರಿಯಲಿ, ಅದರ ಮೇಲೆ ನಮ್ಮ ಸ್ವದೇಶಿಯು ನಿಲ್ಲತಕ್ಕದ್ದಲ್ಲವೆಂದು ನಾವು ಹೇಳುತ್ತೇವೆ. ಪರರು ನಮ್ಮನ್ನು ಹೊಡೆದ ದಿನ ಮಾತ್ರ ನೆನಪಾಗುವ ನೆರೆಮನೆಯ ನೇಕಾರನು, ಉಳಿದ ದಿನಗಳಲ್ಲಿ ಏನನ್ನು ಉಣ್ಣಬೇಕು? ಅವನ ಮಗ್ಗವು ವರ್ಷದ ಎಲ್ಲ ದಿನಗಳಲ್ಲಿಯೂ ನಡೆದರೆ ಅವನ ಒಲೆ ಉರಿಯುವದು. ಸ್ವದೇಶಿಯು ನಿತ್ಯದ ವ್ಯವಹಾರವಾಗಬೇಕು. ಅದಕ್ಕೆ ಕೊಳ್ಳುವವನೂ ಮಾಡುವವನೂ ಸರಕಾರವೂ ತಮ್ಮ ತಮ್ಮ ಪಾಲಿನ ಬೆಲೆಯನ್ನು ತೆರಬೇಕು. ಇಷ್ಟನ್ನೇ ಈ ಲೇಖನದಲ್ಲಿ ನಮ್ಮ ನಾಡಿನ ಕೆಲವು ಉದಾಹರಣೆಗಳಿಂದ ತೋರಿಸಬೇಕೆಂದಿದ್ದೇವೆ.

ಕನ್ನಡಿಗರಿಗೆ ಸ್ವದೇಶಿಯು ಹೊಸ ಪಾಠವಲ್ಲ. 1905ರಲ್ಲಿ ಕರ್ಝನ್ ಸಾಹೇಬನು ವಂಗದೇಶವನ್ನು ಇಬ್ಭಾಗ ಮಾಡಹೊರಟಾಗ ಆಗಸ್ಟ್ 7ರಂದು ಕಲಕತ್ತೆಯ ಸಭೆಯಲ್ಲಿ ವಿಲಾಯತಿ ಮಾಲಿನ ಬಹಿಷ್ಕಾರದ ನಿರ್ಣಯವಾಯಿತು. ಲೋಕಮಾನ್ಯ ತಿಲಕರ ಮೂಲಕ ಆ ಕಿಚ್ಚು ಮುಂಬಯಿ ಪ್ರಾಂತಕ್ಕೆ ಹಬ್ಬಿತು. ಅಂದು ಆ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಧಾರವಾಡಗಳನ್ನೂ ಅದು ಮುಟ್ಟಿತು. ಆಲೂರ ವೆಂಕಟರಾಯರು ಕರ್ನಾಟಕದ ಗತವೈಭವವನ್ನು ಕನ್ನಡಿಗರಿಗೆ ನೆನಪಿಸುವ ಮೊದಲೇ ಸ್ವದೇಶಿಯ ದೀಕ್ಷೆಯನ್ನು ತೊಟ್ಟಿದ್ದರು. ಗಂಗಾಧರರಾವ ದೇಶಪಾಂಡೆಯವರು ಬೆಳಗಾವಿಯ ಹತ್ತಿರದ ಹುದಲಿಯಲ್ಲಿ ರಾಟೆಯ ಕೆಲಸವನ್ನು ನೆಲೆಗೊಳಿಸಿ ಖಾದಿಯ ಭಗೀರಥರೆಂದು ಹೆಸರಾದರು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವಾದಾಗ ನೂಲುವ ವ್ರತವೂ ಖಾದಿಯೂ ಅಲ್ಲಿ ಮುಖ್ಯ ವಿಷಯಗಳಾಗಿದ್ದವು. ಅದೇ ಊರಿನಲ್ಲಿ, ಅದೇ ಕಾಲಕ್ಕೆ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು.

ಈ ಎರಡೂ ಕಾರ್ಯಗಳು ಒಂದೇ ನೆಲದಲ್ಲಿ ಒಂದೇ ಋತುವಿನಲ್ಲಿ ಮೊಳೆತದ್ದು ಕೇವಲ ಆಕಸ್ಮಿಕವೆಂದು ನಾವು ಭಾವಿಸುವದಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳೆಂದು ಹರಿದು ಹಂಚಿದ್ದ ನಾಡಿನ ಜನರಿಗೆ, ಬಳ್ಳಾರಿಯವನೂ ಬೀದರದವನೂ ಮಂಗಳೂರವನೂ ನಿಮ್ಮವನೇ ಎಂದು ಏಕೀಕರಣವು ಹೇಳಿತು. ಅವನು ಮಾಡಿದ ಸರಕನ್ನು ನಿಮ್ಮ ಮನೆಗೆ ತನ್ನಿರಿ ಎಂದು ಸ್ವದೇಶಿಯು ಹೇಳಿತು. ನಾಡೇನೋ 1956ರ ನವೆಂಬರ್ 1ರಂದು ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ನಕಾಶೆಯ ಮೇಲೆ ಒಂದಾದ ನಾಡು ಅಂಗಡಿಯಲ್ಲಿ ಒಂದಾಗಿದೆಯೇ? ಗುಳೇದಗುಡ್ಡದ ಖಣವನ್ನು ಕೊಳ್ಳುವ ಮೈಸೂರಿನ ಮನೆಗಳು ಎಷ್ಟು? ಚನ್ನಪಟ್ಟಣದ ಬೊಂಬೆಯೊಡನೆ ಆಡುವ ಕಲಬುರ್ಗಿಯ ಮಕ್ಕಳು ಎಷ್ಟು? ವಾಚಕರು ತಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು ತಾವೇ ಎಣಿಸಿ ನೋಡಲಿ.

ಪರದೇಶದ ಪೇಟೆ ಮುಚ್ಚಿದಾಗ ಬುದ್ಧಿವಂತ ರಾಜ್ಯವು ಏನು ಮಾಡತಕ್ಕದ್ದೆಂಬುದಕ್ಕೆ ನಮ್ಮಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಹಿಂದೆ ಜರ್ಮನಿ ಮೊದಲಾದ ದೇಶಗಳಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ ಆ ಮಾರ್ಗವು ಕಡಿದುಹೋಯಿತು. ಮರವು ಕೊಳ್ಳುವವರಿಲ್ಲದೆ ಬಿದ್ದುಕೊಂಡಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವೂ ದಿವಾನ ವಿಶ್ವೇಶ್ವರಯ್ಯನವರೂ ಯುದ್ಧ ಮುಗಿಯಲೆಂದು ಕಾಯುತ್ತ ಕೂಡಲಿಲ್ಲ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ತಾವೇ ತೆಗೆಯಲಾರಂಭಿಸಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಇಲ್ಲಿ ಗಮನಿಸತಕ್ಕ ಮಾತೆಂದರೆ, ಸ್ವದೇಶೀ ವಸ್ತುವನ್ನು ಮಾಡಲು ವಿದೇಶದಲ್ಲಿ ವಿದ್ಯೆ ಕಲಿಯುವದಕ್ಕೆ ನಮ್ಮ ಹಿರಿಯರು ನಾಚಲಿಲ್ಲ. ಯುದ್ಧವು ಮುಗಿದು ಪೇಟೆ ಮತ್ತೆ ತೆರೆದರೂ ಕಾರ್ಖಾನೆಯು ನಿಲ್ಲಲಿಲ್ಲ. ನೂರು ವರ್ಷಗಳಿಗೆ ಮಿಕ್ಕಿ ಆ ಸಾಬೂನು ಮಾರಾಟವಾಗುತ್ತ ಬಂದಿದೆ. ಇಕ್ಕಟ್ಟಿನಲ್ಲಿ ಹುಟ್ಟಿದ್ದು ಗುಣದಿಂದ ಬದುಕಿತು.

ಆದರೆ ಎಲ್ಲ ಉದ್ಯೋಗಗಳ ಕಥೆಯೂ ಇಷ್ಟು ಸುಖಾಂತವಾಗಿರುವದಿಲ್ಲ. ರೇಷ್ಮೆಯ ಕಥೆಯನ್ನು ನೋಡಿರಿ. ರೇಷ್ಮೆಯ ಹುಳುವನ್ನು ಸಾಕುವವನ ಪಾಡನ್ನು ಪಟ್ಟಣದಲ್ಲಿ ಪತ್ತಲವನ್ನು ಉಡುವವರು ಸಾಮಾನ್ಯವಾಗಿ ಅರಿಯರು. ಹಿಪ್ಪುನೇರಳೆಯ ಸೊಪ್ಪನ್ನು ಹೊತ್ತುಹೊತ್ತಿಗೆ ಕೊಯ್ದು ಹಾಕಬೇಕು; ಹುಳುವು ನಾಲ್ಕು ಜ್ವರಗಳನ್ನು ದಾಟುವ ತನಕ ಮನೆಮಂದಿಗೆ ನಿದ್ದೆಯಿಲ್ಲ; ಕಾವು ಹೆಚ್ಚಾದರೂ ತಂಪು ಹೆಚ್ಚಾದರೂ ರೋಗ ತಗಲಿ ಒಂದು ತಿಂಗಳ ದುಡಿಮೆಯು ಒಂದು ರಾತ್ರಿಯಲ್ಲಿ ಹೋಗಬಹುದು. ಕೊನೆಗೆ ಹುಳುವು ಚಂದ್ರಿಕೆಗೆ ಏರಿ ಗೂಡು ಕಟ್ಟಿತೆಂದರೂ ರೈತನ ಚಿಂತೆ ತೀರುವದಿಲ್ಲ. ಭತ್ತ ಜೋಳಗಳನ್ನು ಕಣಜದಲ್ಲಿಟ್ಟು ಒಳ್ಳೆಯ ಧಾರಣೆಗಾಗಿ ಕಾಯಬಹುದು, ಗೂಡು ಕಾಯುವದಿಲ್ಲ. ಕೆಲವೇ ದಿನಗಳಲ್ಲಿ ಅದನ್ನು ಮಾರದಿದ್ದರೆ ಒಳಗಿನ ಚಿಟ್ಟೆಯು ಗೂಡನ್ನು ಕೊರೆದು ಹೊರಬರುವದು, ಎಳೆಯು ತುಂಡಾಗುವದು. ಆದಕಾರಣ ರಾಮನಗರದ ಅಥವಾ ಶಿಡ್ಲಘಟ್ಟದ ಪೇಟೆಗೆ ಗೂಡು ತಂದವನು ಅಂದು ನಡೆದ ಬೆಲೆಗೆ ಕೊಟ್ಟೇ ಹೋಗಬೇಕು. ದೂರದ ದಿಲ್ಲಿಯಲ್ಲಿ ಸುಂಕದ ಒಂದು ಅಂಕಿಯು ಬದಲಾದರೆ ಅದು ಅವನ ಬುಟ್ಟಿಯಲ್ಲಿ ಕೂಡಲೇ ಕಾಣಿಸಿಕೊಳ್ಳುತ್ತದೆ.

1930ರ ದಶಕದಲ್ಲಿ ಜಪಾನ ಚೀನಗಳ ಅಗ್ಗದ ರೇಷ್ಮೆಯು ನುಗ್ಗಿ ಬಂದು ಮೈಸೂರಿನ ರೇಷ್ಮೆಯ ಉದ್ಯೋಗವು ನೆಲಕ್ಕೆ ಬೀಳುವಂತಾದಾಗ, ಪರಸರಕಾರವು ಸಹ ಸುಂಕ ಮಂಡಲಿಯಿಂದ ವಿಚಾರಣೆ ನಡೆಯಿಸಿ 1934ರಲ್ಲಿ ರಕ್ಷಣೆಯನ್ನು ಕೊಡಬೇಕಾಯಿತು. ಸ್ವತಂತ್ರ ಭಾರತದಲ್ಲಿಯೋ, 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿಯಿತು. ರೈತರು ಬೀದಿಗೆ ಇಳಿದರು. ಎಷ್ಟೋ ಮಂದಿ ಹಿಪ್ಪುನೇರಳೆಯ ಗಿಡಗಳನ್ನು ಕಿತ್ತರು. ಎರಡು ವರ್ಷಗಳ ತರುವಾಯ, 2013ರಲ್ಲಿ, ಸುಂಕವನ್ನು 15ಕ್ಕೆ ಏರಿಸಿದರು. ಸುಂಕವನ್ನು ಲೇಖಣಿಯ ಒಂದು ಗೆರೆಯಿಂದ ಮತ್ತೆ ಏರಿಸಬಹುದು. ಆದರೆ ಕಿತ್ತ ಗಿಡವನ್ನು ಮತ್ತೆ ನೆಟ್ಟು ಬೆಳೆಯಿಸುವದಕ್ಕೆ ಕಾಲ ಬೇಕು, ಹಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಧೈರ್ಯ ಬೇಕು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳುವದು ನಮ್ಮ ಧರ್ಮವಾಗಿದೆ. ಸುಂಕವನ್ನು ಇಳಿಸಬೇಕೆಂದು ಕೇಳಿದವರೆಲ್ಲರೂ ದೇಶದ್ರೋಹಿಗಳಾಗಿರಲಿಲ್ಲ. ಕಾಶಿಯ ನೇಕಾರನೂ ನಮ್ಮವನೇ, ಬಡವನೇ. ಅವನಿಗೆ ಅಗ್ಗವಾದ, ಎಲ್ಲೆಡೆ ಒಂದೇ ಸಮನಾದ, ಮಗ್ಗದಲ್ಲಿ ಕಡಿಯದ ನೂಲು ಬೇಕಾಗಿತ್ತು. ಆ ನೂಲು ಚೀನದಿಂದ ಬರುತ್ತಿತ್ತು. ನಮ್ಮ ಸಾಕಣೆದಾರನು ಬದುಕಬೇಕಾದರೆ ಆ ನೇಕಾರನು ಹೆಚ್ಚು ಕೊಡಬೇಕು. ಅವನು ಹೆಚ್ಚು ಕೊಡಬೇಕಾದರೆ ನಮ್ಮ ನೂಲು ಅವನ ಮಗ್ಗಕ್ಕೆ ಒಗ್ಗಬೇಕು. ಬರಿಯ ಭಾಷಣದಿಂದ ಈ ಗಂಟು ಬಿಚ್ಚುವದಿಲ್ಲ. ಅದನ್ನು ಬಿಚ್ಚುವ ಯತ್ನವು ನಡೆದದ್ದು ಹುಳುವಿನ ಮನೆಯಲ್ಲಿಯೂ ನೂಲು ಬಿಚ್ಚುವ ಶಾಲೆಯಲ್ಲಿಯೂ. 1990ರ ದಶಕದಿಂದ ಜಪಾನಿನ ತಜ್ಞರ ನೆರವಿನಿಂದ ದ್ವಿತಳಿ ಹುಳುಗಳ ಸಾಕಣೆಯನ್ನು ಇಲ್ಲಿ ಬೆಳೆಯಿಸಿದರು. ಉದ್ದವೂ ಸಮವೂ ಆದ ಎಳೆಯನ್ನು ತೆಗೆಯುವ ಸ್ವಯಂಚಾಲಿತ ಯಂತ್ರಗಳನ್ನು ತರಿಸಿದರು; ಅವುಗಳಲ್ಲಿ ಅನೇಕ ಯಂತ್ರಗಳು ಚೀನದಿಂದಲೇ ಬಂದವು. ಎದುರಾಳಿಯ ಯಂತ್ರದಿಂದ ಎದುರಾಳಿಯ ನೂಲಿಗೆ ಸರಿಸಾಟಿಯಾದ ನೂಲನ್ನು ತೆಗೆಯುವದು ಸ್ವದೇಶಿಗೆ ವಿರುದ್ಧವೆಂದು ಯಾರಾದರೂ ಹೇಳಿದರೆ, ಅಂಥವರು ಸ್ವದೇಶಿಯ ವೇಷವನ್ನು ಕಂಡಿದ್ದಾರೆಯೇ ಹೊರತು ಅದರ ಜೀವವನ್ನು ಕಂಡಿಲ್ಲವೆನ್ನಬೇಕಾಗುತ್ತದೆ.

ಇನ್ನು ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವ ವಿಷಯಕ್ಕೆ ಬರೋಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ನಾಡು ಒಂದಾದ ಮರುವರ್ಷ, 1957ರ ನವೆಂಬರ್ 1ರಂದು, ಅಂದರೆ ಏಕೀಕರಣದ ಮೊದಲನೆಯ ವಾರ್ಷಿಕೋತ್ಸವದ ದಿನವೇ, ಅದು ಸ್ಥಾಪನೆಯಾಯಿತು. ದೇಶದ ರಾಷ್ಟ್ರಧ್ವಜವನ್ನು ಪ್ರಮಾಣಬದ್ಧವಾಗಿ ತಯಾರಿಸುವ ಕೀರ್ತಿಯು ಬಹು ವರ್ಷಗಳ ಕಾಲ ಈ ಸಂಘದ್ದಾಗಿತ್ತು. ಬಾಗಲಕೋಟೆಯ ಹತ್ತಿರದ ತುಳಸಿಗೇರಿ, ಧಾರವಾಡದ ಹತ್ತಿರದ ಗರಗ ಇಂಥ ಊರುಗಳಲ್ಲಿ ಧ್ವಜದ ಬಟ್ಟೆಯನ್ನು ನೇಯುತ್ತ ಬಂದಿದ್ದಾರೆ. ಕೈಯಿಂದ ನೂತ ನೂಲು, ಕೈಮಗ್ಗದ ಬಟ್ಟೆ, ಅದಕ್ಕೆ ಬಣ್ಣ, ಆಮೇಲೆ ಎರಡೂ ಬದಿಗೆ ಕೂದಲೆಳೆಯಷ್ಟೂ ಸರಿಯದಂತೆ ಇಪ್ಪತ್ತುನಾಲ್ಕು ಅರಗಳ ಚಕ್ರದ ಅಚ್ಚು, ಆಮೇಲೆ ಹೊಲಿಗೆ, ಹಗ್ಗ. ಆರಂಗುಲದ ಮೇಜಿನ ಧ್ವಜದಿಂದ ಇಪ್ಪತ್ತೊಂದು ಅಡಿ ಉದ್ದದ ಮಹಾಧ್ವಜದ ವರೆಗೆ ಒಂಬತ್ತು ಅಳತೆಗಳಿವೆ. ಭಾರತದ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಮೊಟ್ಟಮೊದಲನೆಯ ಮಾನಕವೇ ರಾಷ್ಟ್ರಧ್ವಜದ್ದು. ನೂಲಿನ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಹೊಲಿಗೆಯ ನೇರ ಇವುಗಳಲ್ಲಿ ಯಾವದು ತಪ್ಪಿದರೂ ಆ ಧ್ವಜವು ತಿರಸ್ಕೃತವಾಗುವದು. ಈ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಕೆಲಸವನ್ನು ಮಾಡುವವರಲ್ಲಿ ಬಹುಮಂದಿ ಹೆಣ್ಣುಮಕ್ಕಳು.

2021ರ ಡಿಸೆಂಬರ್ 30ರ ತನಕ ರಾಷ್ಟ್ರಧ್ವಜವು ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯದ್ದೇ ಆಗಿರಬೇಕೆಂದು ಧ್ವಜ ಸಂಹಿತೆಯಲ್ಲಿತ್ತು. ಅಂದು ಸರಕಾರವು ಅದನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿಯನ್ನಿತ್ತಿತು. ಮರುವರ್ಷ, ಸ್ವಾತಂತ್ರ್ಯದ ಅಮೃತ ಮಹೋತ್ಸವದಲ್ಲಿ, ಮನೆಮನೆಯ ಮೇಲೆಯೂ ಧ್ವಜವು ಹಾರಿತು. ಧ್ವಜವು ಪ್ರತಿಯೊಬ್ಬನ ಮನೆಯ ಮೇಲೆ ಹಾರಬೇಕೆಂಬ ಆಸೆ ನಮಗೂ ಉಂಟು. ಬಡವನಿಗೂ ಅದು ಎಟುಕಬೇಕೆಂಬ ಮಾತನ್ನು ಅಲ್ಲಗಳೆಯಲಾರೆವು. ಆದರೆ ದೇಶದಲ್ಲಿ ಹಿಂದೆಂದೂ ಇಲ್ಲದಷ್ಟು ಧ್ವಜಗಳು ಮಾರಾಟವಾದ ಆ ವರ್ಷದಲ್ಲಿಯೇ ಬೆಂಗೇರಿಯ ಸಂಘದವರು ಬೇಡಿಕೆ ಕುಗ್ಗಿತೆಂದು ಧರಣಿ ಕೂಡಬೇಕಾಯಿತು! ಅರ್ಧ ಶತಮಾನಕ್ಕೂ ಮಿಕ್ಕಿ ನಿಷ್ಠೆಯಿಂದ ಖಾದಿಯನ್ನು ಕಾಯ್ದವರ ಬಾಗಿಲನ್ನು ಆ ಉತ್ಸವವು ದಾಟಿ ಹೋಯಿತು. ಸ್ವದೇಶಿಯ ಚಿಹ್ನೆಯೇ ಆದ ವಸ್ತುವಿನಲ್ಲಿ ನಾವು ಸ್ವದೇಶಿಯ ಕೈಯನ್ನು ಮರೆತರೆ, ಉಳಿದ ವಸ್ತುಗಳ ವಿಷಯದಲ್ಲಿ ನಮ್ಮ ಘೋಷಣೆಗೆ ಬೆಲೆಯೇನು? ಪಾಲಿಯೆಸ್ಟರ್ ಧ್ವಜವೂ ಈ ದೇಶದ ಗಿರಣಿಯದ್ದೇ ಆಗಿರಬಹುದು. ಆದರೂ ಗಡಿಯ ಒಳಗೆ ಹುಟ್ಟಿತೆಂಬಷ್ಟರಿಂದ ವಿಚಾರ ಮುಗಿಯುವದಿಲ್ಲ; ಅದರಿಂದ ಎಷ್ಟು ಮನೆಗಳ ಒಲೆ ಉರಿಯಿತೆಂಬುದನ್ನೂ ಕೇಳಬೇಕು.

ನಮ್ಮ ಮಾತಿಗೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಸ್ವದೇಶೀ ವಸ್ತು ತುಟ್ಟಿ, ಬಡವನು ಹೇಗೆ ಕೊಳ್ಳಬೇಕು ಎಂಬುದು ಮೊದಲನೆಯದು. ಇದು ನಿಜವಾದ ಆಕ್ಷೇಪ. 1921ರಲ್ಲಿ ವಿಲಾಯತಿ ಬಟ್ಟೆಯ ಹೋಳಿ ನಡೆದಾಗ ಕವಿ ರವೀಂದ್ರರು ಬಟ್ಟೆಯಿಲ್ಲದವರ ನಾಡಿನಲ್ಲಿ ಬಟ್ಟೆಯನ್ನು ಸುಡುವದನ್ನು ಒಪ್ಪಲಿಲ್ಲ. ಅರೆಹೊಟ್ಟೆಯಲ್ಲಿರುವವನಿಗೆ ನಾವು ವ್ರತವನ್ನು ಬೋಧಿಸುವದಿಲ್ಲ. ಮದುವೆಯೊಂದಕ್ಕೆ ಲಕ್ಷಗಟ್ಟಲೆ ಹಣವನ್ನು ಸುರಿಯುವವರು, ಹಬ್ಬಕ್ಕೆ ಹತ್ತು ಜೊತೆ ಬಟ್ಟೆ ಕೊಳ್ಳುವವರು, ಸರಕಾರಿ ಕಚೇರಿಗಳು, ನಗರಸಭೆಗಳು, ಶಾಲೆಗಳು, ಮಠಗಳು, ಸಹಕಾರಿ ಸಂಘಗಳು ಇವರಿಗೆ ನಮ್ಮ ಮಾತು ಸಲ್ಲುತ್ತದೆ. ಇವರು ಮೊದಲು ಕೊಂಡರೆ ಉತ್ಪಾದನೆ ಹೆಚ್ಚಿ, ಬೆಲೆ ತಗ್ಗಿ, ಬಡವನಿಗೂ ಎಟುಕುವ ಕಾಲ ಬರಬಹುದು.

ಎರಡನೆಯದು, ಎಲ್ಲ ದೇಶಗಳೂ ಹೀಗೆಯೇ ತಮ್ಮ ತಮ್ಮ ಸರಕನ್ನಷ್ಟೇ ಕೊಂಡರೆ ನಮ್ಮ ಸರಕನ್ನು ಯಾರು ಕೊಳ್ಳಬೇಕೆಂಬುದು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹಳ್ಳಿಗಳಿಂದ ಬಂದ ಸಾವಿರಾರು ಹೆಣ್ಣುಮಕ್ಕಳು ಹೊಲಿಯುವ ಅಂಗಿಯು ಪರದೇಶದವನ ಮೈಮೇಲೆ ಹೋಗುತ್ತದೆ. 2025ರ ಸುಂಕದ ಪೆಟ್ಟಿಗೆ ಮೊದಲು ಹೆದರಿದವರಲ್ಲಿ ಅವರೂ ಸೇರಿದ್ದರು. ಆದ್ದರಿಂದ ಪರದೇಶದ ವಸ್ತುವೆಂದರೆ ಪಾಪವೆನ್ನುವ ಮೂಢತನ ನಮ್ಮದಲ್ಲ. ಮಹಾತ್ಮರು ಸಹ ಇಂಗ್ಲೆಂಡಿನ ಶಸ್ತ್ರವೈದ್ಯದ ಉಪಕರಣಗಳನ್ನೂ ಸ್ವಿಟ್ಝರ್ಲೆಂಡಿನ ಗಡಿಯಾರವನ್ನೂ ಕೊಳ್ಳುವದಕ್ಕೆ ತಮಗೆ ಅಡ್ಡಿಯಿಲ್ಲವೆಂದು ಹೇಳಿದ್ದರು. ನಮ್ಮಲ್ಲಿ ಚೆನ್ನಾಗಿ ಆಗುವ, ನಮ್ಮವರ ಕೈಗೆ ಕೆಲಸ ಕೊಡುವ ವಸ್ತುವನ್ನು ಬಿಟ್ಟು ದೂರದ್ದನ್ನು ತರಿಸುವದು ತಪ್ಪು. ನಮ್ಮಲ್ಲಿ ಆಗದ್ದನ್ನು ತರಿಸುವದು ವ್ಯಾಪಾರ. ದ್ವೇಷಕ್ಕೆ ಇದರಲ್ಲಿ ಜಾಗವಿಲ್ಲ.

ಮೂರನೆಯದು ಗುಣದ ಮಾತು. ಇದನ್ನು ನಾವು ಮಾಡುವವರಿಗೂ ಮಾರುವವರಿಗೂ ಹೇಳಬೇಕಾಗಿದೆ. ಯಂತ್ರಮಗ್ಗದ ಸೀರೆಯನ್ನು ಕೈಮಗ್ಗದ ಇಳಕಲ್ಲ ಸೀರೆಯೆಂದು ಮಾರುವ ವರ್ತಕನು ಪರದೇಶೀ ವ್ಯಾಪಾರಿಗಿಂತ ಹೆಚ್ಚಿನ ಹಾನಿಯನ್ನು ನೇಕಾರನಿಗೆ ಮಾಡುತ್ತಾನೆ. ಏಕೆಂದರೆ ಒಮ್ಮೆ ಮೋಸಹೋದ ಗಿರಾಕಿಯು ಮರಳಿ ಬರುವದಿಲ್ಲ. ಬಣ್ಣ ಬಿಡುವ ಬಟ್ಟೆಯನ್ನು ದೇಶಾಭಿಮಾನದ ಹೆಸರಿನಲ್ಲಿ ಹೊರಿಸಬಾರದು. ಬೊಂಬೆಗಳ ವಿಷಯವನ್ನು ನೋಡಿರಿ. 2020ರಲ್ಲಿ ಆಟಿಗೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿದರು. 2021ರ ಜನವರಿಯಿಂದ ಗುಣದ ಮುದ್ರೆಯನ್ನೂ ಕಡ್ಡಾಯ ಮಾಡಿದರು. ಸುಂಕವು ಸರಕಾರದ ಕೈಯಲ್ಲಿದೆ. ಹಾಲೆ ಮರದ ಬೊಂಬೆಗೆ ಅರಗಿನ ಬಣ್ಣ ಕೊಟ್ಟು, ಮಗು ಬಾಯಲ್ಲಿಟ್ಟರೂ ಕೇಡಾಗದಂತೆ ಮಾಡುವ ಗುಣವು ಚನ್ನಪಟ್ಟಣದ ಕುಶಲಿಗನ ಕೈಯಲ್ಲಿದೆ. ಸುಂಕವು ಅವನಿಗೆ ಸ್ವಲ್ಪ ಕಾಲದ ನೆರಳನ್ನು ಕೊಟ್ಟೀತು. ಅಷ್ಟರಲ್ಲಿ ಅವನ ಬೊಂಬೆಯು ತನ್ನ ಗುಣದಿಂದಲೇ ಮಾರಾಟವಾಗುವಂತಾಗಬೇಕು.

ಕನ್ನಡ ಬಾಂಧವರೇ, ನಾವು ದೊಡ್ಡ ಶಪಥವನ್ನು ಬೇಡುವದಿಲ್ಲ. ಏನನ್ನೂ ಒಡೆಯಬೇಡಿರಿ, ಏನನ್ನೂ ಸುಡಬೇಡಿರಿ. ಅಂಗಡಿಯಲ್ಲಿ ನಿಂತಾಗ, ಇದು ಎಲ್ಲಿಯದು, ಇದನ್ನು ಮಾಡಿದವರು ಯಾರು ಎಂದು ಒಂದು ಮಾತು ಕೇಳಿರಿ. ಗಿರಾಕಿಗಳು ಹತ್ತು ಸಲ ಕೇಳಿದ ವಸ್ತುವನ್ನು ಹನ್ನೊಂದನೆಯ ಸಲಕ್ಕೆ ಅಂಗಡಿಕಾರನು ತರಿಸಿಯೇ ತರಿಸುತ್ತಾನೆ. ವರ್ಷಕ್ಕೆ ಮನೆಯಲ್ಲಿ ಕೊಳ್ಳುವ ಬಟ್ಟೆಯಲ್ಲಿ ಒಂದಾದರೂ ನಮ್ಮ ನಾಡಿನ ಕೈಮಗ್ಗದ್ದಿರಲಿ. ಮಕ್ಕಳಿಗೆ ಕೊಡುವ ಆಟಿಗೆಯಲ್ಲಿ ಒಂದಾದರೂ ಚನ್ನಪಟ್ಟಣದ್ದಿರಲಿ. ನಮ್ಮ ರಾಜ್ಯ ಸರಕಾರಕ್ಕೆ ನಾವು ಕೇಳುವದಾದರೂ ಹೆಚ್ಚಿನದಲ್ಲ: ವಿಧಾನಸೌಧದಿಂದ ಹಿಡಿದು ಹಳ್ಳಿಯ ಶಾಲೆಯ ವರೆಗೆ, ಸರಕಾರದ ಹಣದಿಂದ ಕೊಳ್ಳುವ ಪ್ರತಿಯೊಂದು ರಾಷ್ಟ್ರಧ್ವಜವೂ ಖಾದಿಯದ್ದಾಗಿರತಕ್ಕದ್ದೆಂದು ನಿಯಮ ಮಾಡಲಿ, ಮತ್ತು ಅದರ ಹಣವನ್ನು ತಡಮಾಡದೆ ಸಲ್ಲಿಸಲಿ.

ಬರುವ ನವೆಂಬರ್ 1ರಂದು ಊರೂರುಗಳಲ್ಲಿ ರಾಜ್ಯೋತ್ಸವವು ನಡೆಯುವದು. ಭುವನೇಶ್ವರಿಯ ಮೆರವಣಿಗೆ ಹೊರಡುವದು. ನಾಡು ಒಂದಾದ ಸಂಭ್ರಮವನ್ನು ನಾವೆಲ್ಲರೂ ಆಚರಿಸುವೆವು. ಬೆಂಗೇರಿಯ ಸಂಘವು ಹುಟ್ಟಿದ ದಿನವೂ ಅದೇ ಆಗಿದೆಯೆಂಬುದನ್ನು ಅಂದು ನೆನೆಯೋಣ. ಅಂದಿನ ಮೆರವಣಿಗೆಯಲ್ಲಿ ನಮ್ಮ ಹೆಗಲ ಮೇಲಿರುವ ಶಲ್ಯವು ಯಾವ ಊರಿನ ಮಗ್ಗದಿಂದ ಬಂದಿತೆಂದು ಯಾರಾದರೂ ಕೇಳಿದರೆ, ಆ ಊರಿನ ಹೆಸರನ್ನು ತಡವರಿಸದೆ ಹೇಳಲು ಬರುವಂತೆ ಈಗಿನಿಂದಲೇ ಕೊಳ್ಳತೊಡಗೋಣ.